ನಿಧಾನದ ಸಾಲಿನ ಕ್ಲಾಸು

ಅಕ್ಕ ಕಿವಿ ಕೇಳದ ಮಕ್ಕಳಿಗೆ ಸಂಜೆ ಹೊತ್ತು ವೀಡಿಯೊದಲ್ಲಿ ಗಣಿತ ಹೇಳಿಕೊಡುತ್ತಿದ್ದಳು, ಪಾಠವೆಲ್ಲ ಕೈಸನ್ನೆಯಲ್ಲೇ. ಅವಳ ತಮ್ಮ ಅದೇ ಊರಿನ ಇಂಟರ್‌ನೆಟ್ ಕಂಪನಿಯಲ್ಲಿ ಎಂಜಿನಿಯರ್. ಸಂಜೆಯಾದರೆ ಊರಿಗೆ ಊರೇ ಪರದೆ ಮುಂದೆ ಕೂರುತ್ತದಲ್ಲ, ಆಗ ಯಾವ ಡೇಟಾ ಮುಂದೆ ಹೋಗಬೇಕು, ಯಾವುದು ಕಾಯಬೇಕು ಎಂದು ನಿಯಮ ಬರೆಯುವುದು ಅವನ ಕೆಲಸ. ಕಂಪನಿ ಒಂದು ಸಿನಿಮಾ ಆ್ಯಪಿನ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಅದರ ಸಿನಿಮಾಗಳು ಮುಂದಿನ ಸಾಲಿಗೆ, ಮನೆಗಳಿಗೆ ಬರುವ ಉಳಿದ ವೀಡಿಯೊಗಳೆಲ್ಲ ನಿಧಾನದ ಸಾಲಿಗೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎನ್ನುವುದು ಇದಕ್ಕೇ. ಅವನು ಮಾತ್ರ ‘ಟ್ರಾಫಿಕ್ ನಿರ್ವಹಣೆ’ ಎನ್ನುತ್ತಿದ್ದ. ಹಾಗಂದುಕೊಂಡರೆ ತಿಂದ ಅನ್ನ ಅರಗುತ್ತದೆ ನೋಡಿ.

“ಲೋ, ಪರದೆ ಮೇಲೆ ಮಕ್ಕಳ ಕೈ ಅರ್ಧಕ್ಕೇ ನಿಂತುಬಿಡುತ್ತೆ ಕಣೋ,” ಎಂದು ಅಕ್ಕ ಗೋಳಾಡಿದಳು. “ಬಾಯಿಮಾತಾದ್ರೆ ತುಂಡುತುಂಡಾಗಾದ್ರೂ ಕೇಳುತ್ತೆ. ಕೈ ನಿಂತ್ರೆ ಮಾತೇ ಇಲ್ಲ. ಈಗಾಗ್ಲೇ ಅರ್ಧ ಜನ ಬಿಟ್ಟುಹೋದ್ರು. ಇನ್ನೊಂದು ಮಗು ಹೋದ್ರೂ ಕ್ಲಾಸ್ ಮುಚ್ತೀವಿ ಅಂದಿದಾರೆ ಶಾಲೆಯವರು.”

ಅವನು ತನ್ನ ಮನೆಯಿಂದ ಕ್ಲಾಸಿಗೆ ಸೇರಿ ನೋಡಿದ. ಎಲ್ಲರೂ ಸ್ಪಷ್ಟ! “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದು ನಕ್ಕ. “ನಿನ್ನ ರೂಟರ್ ಬದಲಾಯಿಸಕ್ಕ.” ಪಾಪ, ಅವಳು ಬದಲಾಯಿಸಿದಳು. ಏನೂ ಪ್ರಯೋಜನವಾಗಲಿಲ್ಲ.

ಅವನು ಮರೆತದ್ದು ಒಂದೇ. ನೌಕರರ ಮನೆಗಳಿಗೆ ಆ ನಿಯಮ ತಾಗದಂತೆ ಬಿಡುವುದು ಅವರ ಆಫೀಸಿನ ಹಳೆಯ ಪದ್ಧತಿ. ಮನೆಯವರಿಂದ ಬೈಸಿಕೊಳ್ಳಲು ಯಾರಿಗೆ ಇಷ್ಟ? ಹೀಗಾಗಿ ಊರಿಗೆಲ್ಲ ನಿಧಾನ ಹಂಚಿದವನು ತಾನು ಒಂದು ದಿನವೂ ಅದನ್ನು ಉಂಡಿರಲಿಲ್ಲ.

ಕೊನೆಗೆ ಒಂದು ಸಂಜೆ ಅಕ್ಕನ ಮನೆಯಲ್ಲೇ ಕೂತು ನೋಡಿದ. ಪರದೆಯ ಅಷ್ಟೂ ಚೌಕಗಳಲ್ಲಿ ಮಕ್ಕಳು ಬೊಂಬೆಗಳ ಹಾಗೆ ನಿಂತಿದ್ದರು. ಅವನು ಲ್ಯಾಪ್‌ಟಾಪ್ ತೆಗೆದು, ಅಕ್ಕನ ಮನೆಯನ್ನೂ ನೌಕರರ ಮನೆಗಳ ಜೊತೆ ಸೇರಿಸಿದ.

ಚೌಕಗಳು ಅಲುಗಾಡಿದವು. “ಅಯ್ಯೋ, ಎಲ್ಲಾ ಕಾಣ್ತಿದಾರೆ ಕಣೋ!” ಎಂದು ಅಕ್ಕ ಹಿಗ್ಗಿದಳು. ಮೂಲೆಯ ಚೌಕದಲ್ಲಿ ಜಡೆಯ ಹುಡುಗಿಯೊಬ್ಬಳು ಒಂದೇ ಸಮನೆ ಕೈ ಆಡಿಸುತ್ತಿದ್ದಳು. ಆ ಸನ್ನೆಗಳನ್ನು ಓದುತ್ತಾ ಓದುತ್ತಾ ಅಕ್ಕನ ಮುಖ ಇಳಿದುಹೋಯಿತು.

“ಏನಂತೆ?”

“ನಾಳೆಯಿಂದ ಬರಲ್ವಂತೆ. ದಿನಾ ಹೇಳ್ತಾನೇ ಇದ್ದಳಂತೆ. ನಾನು ನೋಡಿದ್ರೂ ನೋಡದ ಹಾಗೆ ಕೂರ್ತೀನಂತೆ.”

ಅಕ್ಕ ಗಡಬಡಿಸಿ ಎರಡೂ ಕೈ ಎತ್ತಿ ಉತ್ತರಿಸತೊಡಗಿದಳು. ಹೋಗಬೇಡ, ಈಗ ಕಾಣಿಸಿತು, ಹೋಗಬೇಡ. ಹುಡುಗಿ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಕಣ್ಣು ಕಿರಿದು ಮಾಡಿದಳು.

“ನೋಡ್ತಿದಾಳಾ?” ಎಂದು ಅಕ್ಕ ಕೈ ನಿಲ್ಲಿಸದೆಯೇ ಕೇಳಿದಳು.

ಅವನಿಗೆ ಆಗ ಹೊಳೆಯಿತು. ಹುಡುಗಿಯ ಮನೆ ಇನ್ನೂ ನಿಧಾನದ ಸಾಲಿನಲ್ಲೇ ಇತ್ತು. ಅಲ್ಲಿ ಅಕ್ಕ ಎತ್ತಿದ ಕೈ ಎತ್ತಿದಂತೆಯೇ ನಿಂತಿರುತ್ತದೆ. ಸಿನಿಮಾದವರು ಹಾಳಾಗಿಹೋಗಲಿ, ನೌಕರಿ ಹೋದರೂ ಹೋಗಲಿ ಎಂದು ನಿಯಮವನ್ನೇ ಅಳಿಸಲು ಕೀಲಿಗಳ ಮೇಲೆ ಬೆರಳು ಓಡಿಸಿದ.

“ಅಳಿಸಿದೆ ಅಕ್ಕ, ಈಗ ಹೇಳು!”

ಮೂಲೆಯ ಚೌಕ ಅಷ್ಟರಲ್ಲಿ ಕಪ್ಪಾಗಿತ್ತು. ಅಕ್ಕ ಆ ಕಪ್ಪು ಚೌಕಕ್ಕೇ ಕೈಯಾಡಿಸಿ ಹೇಳುತ್ತಲೇ ಇದ್ದಳು.