ಫೆಬ್ರವರಿಯ ಬೀಗ

ಹೊಳೆಯಾಚೆಯ ತಂಗಿಯ ಮನೆಗೆ ಹೋಗಲು ಹಿಲ್ಡಾಳಿಗೆ ಇದ್ದದ್ದು ಎರಡೇ ದಾರಿ. ಒಂದು ಟಾರು ರಸ್ತೆ. ಎರಡು ದಿನದ ಮಳೆಗೆ ಡವ್ ಹೊಳೆ ಉಕ್ಕಿ ಅದನ್ನು ನುಂಗಿಬಿಟ್ಟಿತ್ತು. ಇನ್ನೊಂದು ಕ್ಲಿಫರ್ಡನ ಹುಲ್ಲುಗಾವಲಿನ ಕಾಲುದಾರಿ. ಅದೂ ಅದರ ತುದಿಯ ಮರದ ಸೇತುವೆಯೂ ಎತ್ತರದಲ್ಲಿದ್ದುದರಿಂದ ನೀರು ಮುಟ್ಟಿರಲಿಲ್ಲ. ತಂಗಿ ಮೇವಿಸ್ ಸೊಂಟದ ಆಪರೇಷನ್ ಆಗಿ ಮಲಗಿದ್ದಳು. ಮಧ್ಯಾಹ್ನ ಹಿಲ್ಡಾ ಹೋಗಿ ಹಿಡಿದೆಬ್ಬಿಸದಿದ್ದರೆ ಅವಳು ಹಾಸಿಗೆಯಿಂದ ಇಳಿಯುವ ಹಾಗಿರಲಿಲ್ಲ.

ಸೂಪು, ಎರಡು ಬಾಟಲಿ ಜಾಮು ಇದ್ದ ಬುಟ್ಟಿ ಹಿಡಿದು ಬಂದವಳಿಗೆ ಗೇಟಿನಲ್ಲಿ ಬೀಗ ಕಂಡಿತು. ಪಕ್ಕದಲ್ಲಿ ಕುರ್ಚಿ, ಕುರ್ಚಿಯಲ್ಲಿ ಕ್ಲಿಫರ್ಡ್, ಅವನ ತೊಡೆಯ ಮೇಲೆ ಚಹಾದ ಫ್ಲಾಸ್ಕು. ಫೆಬ್ರವರಿಯ ಮೊದಲ ಮಂಗಳವಾರ! ಹಿಲ್ಡಾ ನಾಲಿಗೆ ಕಚ್ಚಿಕೊಂಡಳು. ವರ್ಷಕ್ಕೊಂದು ದಿನ ಅವನು ಗೇಟು ಮುಚ್ಚುತ್ತಿದ್ದ, ಅವನಪ್ಪನೂ ಮುಚ್ಚುತ್ತಿದ್ದ. ಹಾಗೆ ಮುಚ್ಚದೆ ಇಪ್ಪತ್ತು ವರ್ಷ ಜನ ತಮ್ಮ ಪಾಡಿಗೆ ತಾವು ನಡೆದರೆ ದಾರಿ ಊರಿನದಾಗಿಬಿಡುತ್ತದೆ ಎಂಬುದು ಆ ಕಣಿವೆಯ ಕೂಸಿಗೂ ಗೊತ್ತು.

ಬೀಗವೇನೋ ಸರಿ, ತೊಂದರೆ ಬೇರೆ. ಇಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಊರಿನ ಪ್ರದರ್ಶನದ ಜಾಮು ಸ್ಪರ್ಧೆಯಲ್ಲಿ ತೀರ್ಪುಗಾರನಾಗಿದ್ದ ಈ ಮಹಾಶಯ ಅವಳ ಕಾಡು ಪ್ಲಮ್ಮಿನ ಜಾಮನ್ನು ಬಾಟಲಿ ಸಮೇತ ಓರೆ ಮಾಡಿ ನೋಡಿ, ಎಲ್ಲರೆದುರು "ನೀರು ನೀರು" ಅಂದಿದ್ದ. ಒಂದೇ ಬೆಂಚಿನಲ್ಲಿ ಕೂತು ಓದಿದವನು! ಅಂದಿನಿಂದ ಅವಳು ಅವನ ಹುಲ್ಲುಗಾವಲಿನಲ್ಲಿ ದಿನವೂ ತಲೆಯೆತ್ತಿ ನಡೆದಿದ್ದಳೇ ಹೊರತು ಅವನತ್ತ ನೋಡಿರಲಿಲ್ಲ.

"ಮೇವಿಸ್ ಒಬ್ಳೇ ಇದಾಳೆ," ಎಂದಳು, ಗೇಟಿಗೆ ಹೇಳುವವಳಂತೆ.

"ಗೊತ್ತು."

"ಗೊತ್ತಿದ್ದೂ ಕೂತಿದೀಯಲ್ಲ, ಗುಂಡುಕಲ್ಲಿನ ಹಾಗೆ!"

"ಕೇಳಿದೋರನ್ನ ಬಿಡ್ತೀನಿ ಮಾರಾಯ್ತಿ. ಕೇಳಿ ಹೋದ್ರೆ ಅದು ನಾನು ಒಪ್ಪಿ ಬಿಟ್ಟಿದ್ದು, ಕಾನೂನಿನ ಇಪ್ಪತ್ತು ವರ್ಷದ ಲೆಕ್ಕಕ್ಕೆ ಬರಲ್ಲ. ಕೇಳದೆ ನುಗ್ಗಿದ್ರೆ ಲೆಕ್ಕ. ಒಂದು ಮಾತು ಕೇಳು, ಅಷ್ಟೇ."

ಹಿಲ್ಡಾಳ ಮುಖ ಕೆಂಪೇರಿತು. ಇವನ ಮುಂದೆ ಬೇಡುವುದಕ್ಕಿಂತ ಹೊಳೆಗಿಳಿಯುವುದೇ ಮೇಲು ಅನ್ನಿಸಿತು. ಅಷ್ಟರಲ್ಲಿ ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು. ಕಾದೂ ಕಾದೂ ಸಾಕಾಗಿ ಮೇವಿಸ್ ತಾನೇ ಗೋಡೆ ಹಿಡಿದು ಏಳಲು ಹೊರಟರೆ? ಮೊದಲೇ ಅವಸರದ ಹೆಂಗಸು.

"ನಿನ್ನ ಜಾಗದಲ್ಲಿ ಹೋಗ್ಲಾ, ಕ್ಲಿಫರ್ಡ್?"

ಅವನು ಎದ್ದು ಬೀಗ ತೆಗೆದ. ಅವನ ಮುಖದಲ್ಲಿ ಗೆದ್ದವನ ನಗು ಹುಡುಕಿದಳು, ಇರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮೂರು ಗಂಟೆಗೆ ಹಿಂದಿರುಗಿದಾಗಲೂ ಅವನು ಅಲ್ಲೇ ಕೂತಿದ್ದ. "ಕೊಟ್ಟು ಬಾ, ಹಟಮಾರಿ!" ಎಂದು ಮೇವಿಸ್ ಗದರಿ ವಾಪಸು ಕಳಿಸಿದ್ದ ಒಂದು ಬಾಟಲಿ ಜಾಮನ್ನು ಹಿಲ್ಡಾ ಅವನ ಕೈಗೆ ತುರುಕಿದಳು. ಕ್ಲಿಫರ್ಡ್ ಅಭ್ಯಾಸಬಲದಿಂದ ಅದನ್ನು ಓರೆ ಮಾಡಿದ. ಜಾಮು ಸರ್ರನೆ ಒಂದು ಬದಿಗೆ ಹರಿಯಿತು. ಇಬ್ಬರೂ ನೋಡಿದರು.

"ಗಟ್ಟಿಯಾಗಿದೆ," ಎಂದ.

"ಸುಳ್ಳುಬುರುಕ!" ಹನ್ನೊಂದು ವರ್ಷದಲ್ಲಿ ಮೊದಲ ಸಲ ಹಿಲ್ಡಾ ಅವನ ಮುಖ ನೋಡಿ ನಕ್ಕಳು. "ಫ್ಲಾಸ್ಕಲ್ಲಿ ಚಹಾ ಉಳಿದಿದ್ಯಾ? ಕೇಳ್ತಾ ಇದೀನಿ ನೋಡು."