ಕೂಗುವವನ ಅಕ್ಕನ ನಿದ್ದೆ

ನಮ್ಮೂರ ಸಭೆಮನೆಯಲ್ಲಿ ನನ್ನದು ಕೂಗುವ ಕೆಲಸ. ಸಂಜೆ ಜನರೆಲ್ಲ ಬೆಂಚುಗಳ ಮೇಲೆ ಬಂದು ಕೂತ ಮೇಲೆ, ನಡುವೆ ಕಟ್ಟಿದ ಜೋಲಿಯಲ್ಲಿ ಊರ ಹಿರಿಯರಾದ ಸಾಯ್ಲಾ ಮಲಗಿ, ನಮ್ಮ ಗುನಾ ಜನ ಎಲ್ಲಿಂದ ಬಂದರು, ಹೇಗೆ ಬಾಳಿದರು ಎಂಬುದನ್ನು ಹಾಡುತ್ತಾರೆ. ಹಾಡು ಉದ್ದ, ರಾಗ ಒಂದೇ. ದಿನವೆಲ್ಲ ದೋಣಿಗೆ ಹುಟ್ಟು ಹಾಕಿ ಬಂದವರ ಕಣ್ಣು ತಾನಾಗಿ ಮುಚ್ಚುತ್ತದೆ. ಆಗ ನಾನು ಕೋಲು ಹಿಡಿದು ಹಿಂದಿನಿಂದ ಕೂಗಬೇಕು: “ಮಲಗ್ಬೇಡೀ! ಕಿವಿಗೊಟ್ಟು ಕೇಳೀ!” ಕೂಗಿ ಕೂಗಿ ನನ್ನ ಗಂಟಲು ಹಳೆಯ ಶಂಖದ ಹಾಗಾಗಿದೆ.

ಅಂಥವನ ಮನೆಯಲ್ಲೇ ನಿದ್ದೆ ಬಾರದವರೊಬ್ಬರು ಹುಟ್ಟಿಕೊಂಡರು. ನನ್ನ ಅಕ್ಕ, ಒಲೊನಾದಿಲಿ.

ನಾವು ಹುಟ್ಟಿ ಬೆಳೆದ ದ್ವೀಪ ಬಿಟ್ಟು ಬಂದ ಮೇಲೆ ಶುರುವಾದದ್ದು ಇದು. ಸಮುದ್ರ ವರ್ಷವರ್ಷವೂ ಮೇಲೆ ಬರುತ್ತ, ಗಾಳಿಯ ತಿಂಗಳುಗಳಲ್ಲಿ ಒಲೆಯೊಳಗೇ ನೀರು ನಿಲ್ಲತೊಡಗಿತು. ಕೊನೆಗೆ ಸರ್ಕಾರ ಎದುರು ದಡದ ಗುಡ್ಡದಲ್ಲಿ ಕಾಡು ಕಡಿದು ಸಾಲುಮನೆ ಕಟ್ಟಿಕೊಟ್ಟಿತು. ಗಟ್ಟಿ ಗೋಡೆ, ತಗಡಿನ ಸೂರು, ಬಾಗಿಲಿಗೆ ಬೀಗ. ದ್ವೀಪದಲ್ಲಿ ಬೀಗ ಯಾರಿಗೂ ಬೇಕಾಗಿರಲಿಲ್ಲ. ಮೊದಲ ವಾರ ಅರ್ಧ ಊರು ತಂತಮ್ಮ ಮನೆಯ ಹೊರಗೇ ಸಿಕ್ಕಿಹಾಕಿಕೊಂಡಿತ್ತು.

ಹೆಂಡತಿ ತೀರಿಕೊಂಡ ಮೇಲೆ ನಾನು ಅಕ್ಕನ ಮನೆ ಸೇರಿದವನು. ಅಕ್ಕನ ಮಗಳು ಬ್ರಿಸೇದಾ, ಅಳಿಯ ಎವೆಲಿಯೊ, ಅಕ್ಕ, ನಾನು. ಹೊಸ ಮನೆಯ ಗೋಡೆಗೆ ಕೊಕ್ಕೆ ಹೊಡೆದು ಜೋಲಿ ಕಟ್ಟಿದೆವು. ಅದೇ ದಿನ ಕೊಕ್ಕೆ ಕಿತ್ತುಬಂದು ಎವೆಲಿಯೊ ದಬಕ್ಕನೆ ನೆಲಕ್ಕೆ ಬಿದ್ದ.

“ಅತ್ತೆ ಮನೇಲಿ ಅಳಿಯಂಗೆ ಮರ್ಯಾದೆ ಅಂದ್ರೆ ಇದೇ ನೋಡಿ,” ಎಂದು ಬೆನ್ನು ನೀವಿಕೊಂಡ.

ಆಮೇಲೆ ಹಿತ್ತಲಲ್ಲಿ ಕಂಬ ನೆಟ್ಟು, ಬಿದಿರುಕಡ್ಡಿಯ ಗೋಡೆ ಕಟ್ಟಿ, ಗರಿ ಹೊದಿಸಿ, ದ್ವೀಪದಲ್ಲಿದ್ದಂಥದೇ ಗುಡಿಸಲು ಮಾಡಿದೆವು. ಸಾಮಾನು ಸರ್ಕಾರದ ಮನೆಯಲ್ಲಿ, ನಾವು ಗುಡಿಸಲಲ್ಲಿ. ಉಳಿದ ಮೂವರಿಗೆ ಸೊಗಸಾದ ನಿದ್ದೆ. ಅಕ್ಕ ಮಾತ್ರ ಬೆಳಗಾಗುವಾಗ ಕೆಂಪುಕಣ್ಣು ಮಾಡಿಕೊಂಡು ಕೂತಿರುತ್ತಿದ್ದಳು.

“ಏನಾಗುತ್ತಕ್ಕಾ?”

“ಏನೂ ಆಗಲ್ಲ. ಅದೇ ಕಷ್ಟ. ಕಣ್ಣು ಮುಚ್ಚಿದ್ರೆ ಕಿವಿ ತೆರ್ಕೊಳ್ಳುತ್ತೆ.”

ಅಲೆಯ ಸದ್ದು ಇಲ್ಲದ್ದಕ್ಕೆ ಹೀಗಾಗಿದೆ ಎಂದು ನಾವು ತಿಳಿದೆವು. ಎವೆಲಿಯೊ ನಲ್ಲಿಯನ್ನು ಸಣ್ಣಗೆ ತಿರುಗಿಸಿ ಕೆಳಗೆ ಬಕೀಟು ಇಟ್ಟ. ಬೆಳಗ್ಗೆ ಕೇಳಿದ, “ಹೆಂಗಿತ್ತು ಅತ್ತೆ, ಸಮುದ್ರ?”

“ಸಮುದ್ರವಂತೆ! ಯಾರೋ ರಾತ್ರಿಯಿಡೀ ಉಚ್ಚೆ ಹುಯ್ದ ಹಾಗಿತ್ತು.”

ನಾಟಿ ವೈದ್ಯರು ಕೊಟ್ಟ ಸೊಪ್ಪಿನ ನೀರಲ್ಲಿ ಬ್ರಿಸೇದಾ ಅಮ್ಮನಿಗೆ ಸ್ನಾನ ಮಾಡಿಸಿದಳು. ಮೈ ಘಮಘಮ ಅಂದಿತು, ನಿದ್ದೆ ಬರಲಿಲ್ಲ. ಅಕ್ಕ ಬಡವಾದಳು. ಕಾಯಿಹಾಲಿನ ಮೀನು ಸಾರನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು. ಒಂದು ದಿನ, ಬಣ್ಣಬಣ್ಣದ ಬಟ್ಟೆ ಒಂದರ ಮೇಲೊಂದಿಟ್ಟು ಹೊಲಿದ ತನ್ನ ಮೋಲಾ ಕುಪ್ಪಸಗಳನ್ನೆಲ್ಲ ಮಡಚಿ ಗಂಟು ಕಟ್ಟಿದಳು.

“ಎವೆಲಿಯೊ, ತೆಂಗಿನಕಾಯಿ ತರೋಕೆ ದ್ವೀಪಕ್ಕೆ ಹೋಗ್ತೀಯಲ್ಲ, ನನ್ನನ್ನೂ ದೋಣೀಲಿ ಕೂರಿಸ್ಕೊ. ನಾನು ಅಲ್ಲೇ ಇರ್ತೀನಿ.”

“ಅಮ್ಮಾ, ಅಲ್ಲಿ ನೀರು ಒಳಗೇ ಬರುತ್ತಲ್ಲೇ!” ಎಂದಳು ಬ್ರಿಸೇದಾ.

“ಬರ್ಲಿ. ಜೋಲಿ ಇರೋದೇ ಅದಕ್ಕೆ. ಅದರ ಪಾಡಿಗೆ ಅದು ಕೆಳಗೆ, ನನ್ನ ಪಾಡಿಗೆ ನಾನು ಮೇಲೆ.”

ನಾವು ನಗಲಿಲ್ಲ. ಅಕ್ಕ ಗಂಟು ಕಟ್ಟಿದಳೆಂದರೆ ಹೋಗುವವಳೇ. ಈ ವಯಸ್ಸಿನಲ್ಲಿ, ಮುಳುಗುವ ನೆಲದಲ್ಲಿ, ಒಬ್ಬಳೇ.

ದೋಣಿ ಹೊರಡುವುದಕ್ಕೆ ಇನ್ನೂ ಕೆಲವು ದಿನ ಇತ್ತು. ಆ ಸಂಜೆ ಸಭೆಮನೆಗೆ ಅಕ್ಕನೂ ಬಂದಳು. ಹೆಂಗಸರ ನಡುವೆ ಕೂತು ಮೋಲಾ ಹೊಲಿಯತೊಡಗಿದಳು. ಸಾಯ್ಲಾ ಹಾಡುತ್ತಿದ್ದರು. ನಾನು ಬೆಂಚುಗಳ ಹಿಂದೆ ಸುತ್ತುತ್ತಿದ್ದೆ. ಒಬ್ಬ ಹೆಂಗಸಿನ ಸೂಜಿ ನಿಂತದ್ದು, ತಲೆ ಪಕ್ಕದವಳ ಹೆಗಲಿಗೆ ವಾಲಿದ್ದು ಕಂಡಿತು. ಯಾರು ಏನು ಎಂದು ನೋಡುವ ಮೊದಲೇ ನನ್ನ ಬಾಯಿ ತನ್ನ ಕೆಲಸ ಮಾಡಿಬಿಟ್ಟಿತು.

“ಮಲಗ್ಬೇಡೀ! ಕಿವಿಗೊಟ್ಟು ಕೇಳೀ!”

ಅಕ್ಕ ಬೆಚ್ಚಿಬಿದ್ದಳು. ಸೂಜಿ ಬೆರಳಿಗೆ ಚುಚ್ಚಿತು.

“ನಿನ್ನ ಗಂಟಲಿಗೆ ಮೀನುಮುಳ್ಳು ಸಿಕ್ಕಿಹಾಕ್ಕೊಳ್ಳ! ಈ ಗುಡ್ಡ ಹತ್ತಿದ ಮೇಲೆ ಬಂದ ಮೊದಲನೇ ನಿದ್ದೆ ಕಣೋ ಇದು!”

ಸಭೆಗೆ ಸಭೆಯೇ ನಕ್ಕಿತು. ಸಾಯ್ಲಾ ಹಾಡು ನಿಲ್ಲಿಸಿ, ಜೋಲಿಯಿಂದ ತಲೆ ಎತ್ತಿ ನೋಡಿದರು. ಅವರೂ ನಗುತ್ತಿದ್ದರು.

ಮನೆಗೆ ಹೋಗುವಾಗ ಕೇಳಿದೆ, “ಅಲ್ಲಿ ಅಷ್ಟು ಗದ್ದಲ. ಹೆಂಗೆ ಬಂತಕ್ಕಾ ನಿದ್ದೆ?”

ಅಕ್ಕ ಯೋಚಿಸುತ್ತ ನಡೆದಳು. “ಯಾರೋ ಕೆಮ್ತಿದ್ರು. ಯಾವುದೋ ಮಗು ರಚ್ಚೆ ಹಿಡಿದಿತ್ತು. ಹಿಂದಿನ ಬೆಂಚಲ್ಲಿ ಇನಾದಿಗಿ ಸೊಸೇನ ಪಿಸಪಿಸ ಅಂತ ಬೈತಿದ್ಲು. ಅಷ್ಟೇ ಗೊತ್ತು ನಂಗೆ.”

ಆಗ ನನಗೆ ತಿಳಿಯಿತು. ದ್ವೀಪದಲ್ಲಿ ನಮ್ಮ ಗೋಡೆ ಮುಗಿಯುವಲ್ಲೇ ಇನಾದಿಗಿಯ ಗೋಡೆ ಶುರುವಾಗುತ್ತಿತ್ತು. ಅವಳು ಮಗ್ಗುಲು ಬದಲಿಸಿದರೆ ಅವಳ ಜೋಲಿಯ ಹಗ್ಗ ನಮ್ಮ ಕಿವಿಯಲ್ಲಿ ಕಿರುಗುಟ್ಟುತ್ತಿತ್ತು. ಅವಳ ಹಳೆಯ ಕೆಮ್ಮು ನಮ್ಮನೆಯದೇ ಆಗಿತ್ತು. ಇಲ್ಲಿ ಮನೆಮನೆಗೂ ನಡುವೆ ಅಷ್ಟಗಲ ಜಾಗ. ಅಕ್ಕನ ಕಿವಿ ಹುಡುಕುತ್ತಿದ್ದದ್ದು ಸಮುದ್ರವನ್ನಲ್ಲ, ಜನರನ್ನು.

ಹೊಸ ಊರಲ್ಲೂ ಇನಾದಿಗಿ ನಮ್ಮ ಪಕ್ಕದ ಮನೆಯವಳೇ. ಆದರೆ ತನ್ನ ಗುಡಿಸಲನ್ನು ಹಿತ್ತಲಿನ ಆಚೆ ಅಂಚಿಗೆ ಕಟ್ಟಿಕೊಂಡಿದ್ದಳು. ಬೆಳಗ್ಗೆ ಎದ್ದವನೇ ಅವಳ ಹತ್ತಿರ ಹೋದೆ.

“ಇನಾದಿಗಿ, ನಿನ್ನ ಗುಡಿಸಲನ್ನ ನಮ್ಮ ಗುಡಿಸಲಿಗೆ ಅಂಟಿಸಿ ಕಟ್ಟಿಕೊಡ್ತೀವಿ. ಕೆಲಸವೆಲ್ಲ ನಮ್ದು.”

“ತಲೆ ಕೆಟ್ಟಿದೆಯಾ? ನಾನು ಬೆಳಗಿನವರೆಗೂ ಕೆಮ್ತೀನಿ.”

“ಅದಕ್ಕೇ ಬಂದಿದ್ದು.”

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ದನಿ ಇಳಿಸಿ ಹೇಳಿದಳು, “ಒಲೊನಾದಿಲಿ ಗೊರಕೆ ಕೇಳದೆ ನಂಗೂ ಏನೋ ಒಂಥರಾ ಆಗಿತ್ತು. ಅವಳಿಗೆ ಹೇಳ್ಬೇಡ ಮತ್ತೆ.”

ಊರ ಗಂಡಸರೆಲ್ಲ ಸೇರಿದರು. ಕಂಬ ಕಿತ್ತು, ಹೊತ್ತು ತಂದು, ನಮ್ಮ ಗೋಡೆಯ ಮಗ್ಗುಲಿಗೆ ನೆಟ್ಟು, ಹೊಸ ಗರಿ ಹೊದಿಸಿದೆವು. ಬ್ರಿಸೇದಾ ಎಲ್ಲರಿಗೂ ಬಾಳೆಹಣ್ಣು ಕಿವುಚಿದ ಪಾನಕ ಕೊಟ್ಟಳು. ಅಕ್ಕ ಗಂಟನ್ನಂತೂ ಬಿಚ್ಚಲಿಲ್ಲ.

“ನಾಳೆ ದೋಣಿ ಹೋಗೋದು ಹೋಗೋದೇ ತಾನೆ?” ಎಂದು ಮಾತ್ರ ಕೇಳಿದಳು.

ಬೆಳಕು ಹರಿದಾಗ ಎವೆಲಿಯೊ ಹುಟ್ಟನ್ನು ಹೆಗಲಿಗಿಟ್ಟುಕೊಂಡು ಗುಡಿಸಲ ಬಾಗಿಲಲ್ಲಿ ನಿಂತಿದ್ದ. ಗಂಟು ಜೋಲಿಯ ಕೆಳಗಿತ್ತು. ಜೋಲಿಯೊಳಗೆ ಅಕ್ಕ, ಬಾಯಿ ತೆರೆದುಕೊಂಡು, ಒಂದು ಕೈ ಹೊರಗೆ ಚೆಲ್ಲಿ, ಗೊರಕೆ ಹೊಡೆಯುತ್ತಿದ್ದಳು. ಗೋಡೆಯಾಚೆ ಇನಾದಿಗಿ ಕೆಮ್ಮಿದಳು. ಅಕ್ಕನ ಗೊರಕೆ ಒಂದಿಷ್ಟೂ ಕದಲಲಿಲ್ಲ.

“ಎಬ್ಬಿಸ್ಬೇಕಲ್ಲ,” ಎಂದ ಎವೆಲಿಯೊ ಪಿಸುಮಾತಿನಲ್ಲಿ. “ಮಾವಾ, ಊರನ್ನೇ ಎಬ್ಬಿಸೋರು ನೀವು. ಒಂದು ಕೂಗು ಹಾಕಿ ನೋಡೋಣ.”

ನಾನು ತುಟಿಯ ಮೇಲೆ ಬೆರಳಿಟ್ಟು, ದಡದ ಕಡೆ ಕೈ ತೋರಿಸಿದೆ. ಅವನು ನಗು ನುಂಗಿಕೊಂಡು, ಬೆಕ್ಕಿನ ಹೆಜ್ಜೆ ಇಡುತ್ತ ಗುಡ್ಡ ಇಳಿದು ಹೋದ.

ಅಕ್ಕ ಎದ್ದಾಗ ಬಿಸಿಲು ನೆತ್ತಿಗೆ ಬಂದಿತ್ತು. ಕಣ್ಣುಜ್ಜಿಕೊಂಡು ಹೊರಗೆ ನೋಡಿದಳು.

“ದೋಣಿ ಹೋಯ್ತಾ?”

“ಆಗಲೇ ಹೋಯ್ತು.”

“ಎಬ್ಬಿಸ್ಬಾರ್ದಾಗಿತ್ತಾ? ಅದೊಂದೇ ಕೆಲಸ ಬರೋದು ನಿಂಗೆ!”

“ಮರೆತೆ ಅಕ್ಕಾ.”

ಅಕ್ಕ ಮೈಮುರಿದಳು. ಕಾಲಲ್ಲೇ ಗಂಟನ್ನು ಮೂಲೆಗೆ ಸರಿಸಿ, ಬ್ರಿಸೇದಾ ತಂದಿಟ್ಟ ಮೀನು ಸಾರಿನ ಮುಂದೆ ಬರಿ ನೆಲದಲ್ಲಿ ಕೂತಳು. ಎರಡು ತುತ್ತು ತಿಂದ ಮೇಲೆ ಹೇಳಿದಳು:

“ನಾನು ಕೂರೋ ಮಣೆ ದ್ವೀಪದಲ್ಲೇ ಉಳ್ಕೊಂಡಿದೆ ನೋಡು. ಬರ್ತಾ ಅದನ್ನ ತಗೊಂಡ್ ಬಾ ಅಂತ ಎವೆಲಿಯೊಗೆ ಹೇಳ್ಬೇಕಿತ್ತು.”