ಮಾವನವರ ಹೆಸರು

ಈ ಬರಹದಲ್ಲಿ ನಮ್ಮ ಮಾವನವರ ಹೆಸರು ಬರುತ್ತದೆ. ಸೊಸೆಯಾದವಳು ಅದನ್ನು ಬಾಯಿಂದ ಆಡಬಾರದು, ಬರೆಯುವುದಂತೂ ದೂರದ ಮಾತು. ಅದಕ್ಕೆ ಮೊದಲೇ ಅವರ ಕ್ಷಮೆ ಕೇಳುತ್ತೇನೆ. ಓದುವವರ ಕ್ಷಮೆಯನ್ನೂ ಕೇಳಬೇಕು. ಹತ್ತು ಜನರನ್ನು ಮುನ್ನಡೆಸುವುದು ಹೇಗೆ, ತನ್ನನ್ನು ತಾನು ತಿದ್ದಿಕೊಳ್ಳುವುದು ಹೇಗೆ ಎಂದೆಲ್ಲ ಬರೆಯುವವರು ದೊಡ್ಡ ಓದು ಓದಿದವರು. ನಾನು ಆಳಂದ ಕಡೆಯ ಹಳ್ಳಿಯಲ್ಲಿ ಒಂಬತ್ತನೆಯ ತರಗತಿವರೆಗೆ ಕನ್ನಡ ಶಾಲೆಗೆ ಹೋಗಿ, ಮದುವೆಯಾಗಿ ಪುಣೆಗೆ ಬಂದು, ಹತ್ತು ಮತ್ತು ಹನ್ನೆರಡನ್ನು ರಾತ್ರಿ ಶಾಲೆಯಲ್ಲಿ ಮರಾಠಿಯಲ್ಲಿ ಮುಗಿಸಿದವಳು. ಹೇಳಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಈಗಲೂ ಖಾತ್ರಿಯಿಲ್ಲ.

ನಮ್ಮ ಮನೆ ಅಪ್ಪರ್ ಬಿಬವೇವಾಡಿಯಲ್ಲಿ, ಎರಡು ಕೋಣೆಯದು. ಮಾವ, ಅತ್ತೆ ಹುಲಿಗೆವ್ವ ಮತ್ತು ನಾನು ಇರುತ್ತೇವೆ. ನನ್ನ ಗಂಡ ಚಾಕಣದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದಾರೆ. ಅಲ್ಲೇ ಜೊತೆಗಾರರೊಂದಿಗೆ ಖೋಲಿ ಮಾಡಿಕೊಂಡು ರವಿವಾರ ಮನೆಗೆ ಬರುತ್ತಾರೆ. ಮಾವ ಗವಂಡಿ. ಎತ್ತರದ ಕಟ್ಟಡಗಳ ಹೊರಗೋಡೆಗೆ ಗಿಲಾವು, ಅಂದರೆ ಸಿಮೆಂಟಿನ ಪ್ಲಾಸ್ಟರು, ಮಾಡುವುದು ಅವರ ಕೆಲಸ. ಕೊಂಢವಾ ರಸ್ತೆಯಲ್ಲಿ ಹೋಗುವಾಗ ಬಸ್ಸಿನಿಂದ ಕೈ ತೋರಿಸಿ ಇದು ನಾ ಮಾಡಿದ್ದು, ಇದೂ ನಾ ಮಾಡಿದ್ದು ಎಂದು ಅತ್ತೆಗೆ ಹೇಳುತ್ತಿದ್ದರು.

ನನಗೆ ಹೇಳುತ್ತಿರಲಿಲ್ಲ. ನಮ್ಮಲ್ಲಿ ಮಾವ ಸೊಸೆ ನೇರ ಮಾತಾಡುವುದಿಲ್ಲ.

"ಅತ್ತೀ, ಚಾ ಬೇಕೇನು ಕೇಳ್ರಿ" ಎಂದು ನಾನು ಒಲೆಯ ಮುಂದಿನಿಂದ ಹೇಳಿದರೆ, ಅತ್ತೆ ಬಾಯಿ ತೆರೆಯುವ ಮೊದಲೇ ಬಾಗಿಲ ಬಳಿಯಿಂದ ಮಾವ, "ಅರ್ಧ ಕಪ್ಪು ಸಾಕಂತ ಹೇಳು" ಎನ್ನುತ್ತಿದ್ದರು. ಅತ್ತೆ ಏನೂ ಹೇಳುತ್ತಿರಲಿಲ್ಲ. ನಾನು ಅರ್ಧ ಕಪ್ಪು ಮಾಡುತ್ತಿದ್ದೆ. ಅತ್ತೆ ಸಂತೆಗೆ ಹೋಗಿದ್ದರೆ ಇಬ್ಬರೂ ಗೋಡೆಗೆ ಹೇಳುತ್ತಿದ್ದೆವು. ಇದರಲ್ಲಿ ಕಷ್ಟವೇನೂ ಇರಲಿಲ್ಲ. ಒಂದು ತರದ ಮರ್ಯಾದೆ, ಒಂದು ತರದ ಅನುಕೂಲ.

ಗಂಡನ ಹೆಸರನ್ನು ಮಾತ್ರ ನಾನು ಮೊದಲೇ ಹೇಳಿಬಿಟ್ಟಿದ್ದೆ. ರಾತ್ರಿ ಶಾಲೆಯಲ್ಲಿ ಮೊದಲ ದಿನ ಬಾಯಿ, ಅಂದರೆ ಕಲಿಸುವ ಟೀಚರು, ಪೂರ್ತಿ ಹೆಸರು ಕೇಳಿದರು. ಮರಾಠಿಯಲ್ಲಿ ಹೆಂಗಸಿನ ಪೂರ್ತಿ ಹೆಸರೆಂದರೆ ನಡುವೆ ಗಂಡನ ಹೆಸರು ಬರಲೇಬೇಕು. ನಾನು ಶೀತಲ ಎಂದು ನಿಲ್ಲಿಸಿದೆ. ಮುಂದೆ, ಎಂದರು. ನೆಲ ನೋಡುತ್ತ ಧರ್ಮರಾಜ ಎಂದೆ. ಏನೂ ಆಗಲಿಲ್ಲ. ಬಾಯಿ ಮುಂದಿನವಳನ್ನು ಕೇಳಿದರು.

ಮಾವ ಕೆಲಸ ಮಾಡುವ ಕಟ್ಟಡದಲ್ಲೇ ನಾನೂ ಮೂರು ವರ್ಷ ಗೋಡೆಗೆ ನೀರು ಹೊಡೆಯುವ ಕೆಲಸ ಮಾಡಿದೆ. ಹನ್ನೆರಡು ಪಾಸಾದದ್ದು ಗೊತ್ತಾಗಿ, ಸುರಕ್ಷೆಯ ಅಧಿಕಾರಿ ವಿಕ್ರಮ ಸರ್ ನನ್ನನ್ನು ಸಂಜೆಯ ತರಬೇತಿಗೆ ಕಳಿಸಿದರು. ಆಮೇಲೆ ಸೇಫ್ಟಿ ಸ್ಟೂವರ್ಡ್ ಎಂಬ ಹೆಸರು, ಹಸಿರು ಹೆಲ್ಮೆಟ್ಟು ಕೊಟ್ಟರು. ಸೆರಗಿನ ಮೇಲೆ ಹೆಲ್ಮೆಟ್ಟು ಕೂರುತ್ತಿರಲಿಲ್ಲ. ಸೆರಗನ್ನು ಮಡಚಿ ಪಿನ್ನು ಹಾಕಿ ಕೂರಿಸಿದೆ.

ವಿಕ್ರಮ ಸರ್ ಬಾರಾಮತಿಯವರು, ಕಡಿಮೆ ಮಾತಿನವರು. ಅವರು ಕಲಿಸಿದ ಪದ್ಧತಿ ಇಷ್ಟೇ. ಬೆಳಿಗ್ಗೆ ಕೆಲಸಕ್ಕೆ ಮೊದಲು ಎಲ್ಲರೂ ಸುತ್ತ ನಿಲ್ಲಬೇಕು. ನಾನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯಬೇಕು, ಕಣ್ಣು ನೋಡಿ ಮೈ ಹೇಗಿದೆ ಎಂದು ಕೇಳಬೇಕು, ಅವರೇ ಬಾಯಿಬಿಟ್ಟು ಉತ್ತರ ಕೊಡುವವರೆಗೆ ಕಾಯಬೇಕು. ಎಲ್ಲರೂ ಆರಾಮ ಇದ್ದೀರಾ ಎಂದು ಒಟ್ಟಿಗೆ ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ, ಹೆಸರು ಕರೆದರೆ ಮಾತ್ರ ಮನುಷ್ಯ ತನ್ನ ಮೈಯನ್ನು ನೆನೆಸಿಕೊಳ್ಳುತ್ತಾನೆ ಎಂದು ಅವರ ವಾದ. ಮೈ ಸರಿಯಿಲ್ಲ ಎಂದು ತಾನೇ ಹೇಳಿದವನಿಗೆ ಅಂದು ಕೆಳಗೆ ಕೆಲಸ. ಮುಚ್ಚಿಟ್ಟು ಮೇಲೆ ಹತ್ತಿ ಸಿಕ್ಕಿಬಿದ್ದವನಿಗೆ ಗೇಟಿನಿಂದ ಹೊರಗೆ. ವಯಸ್ಸಾದವರಿಗೆ ಈ ಎರಡನೆಯ ಮಾತು ಬಹಳ ಭಾರ, ಒಮ್ಮೆ ಹೊರಗೆ ಹೋದರೆ ಮತ್ತೆ ಯಾರೂ ತೆಗೆದುಕೊಳ್ಳುವುದಿಲ್ಲ.

ನನಗೆ ಗುಂಪಿನ ಮುಂದೆ ದನಿ ಏಳುತ್ತಿರಲಿಲ್ಲ. ಅದಕ್ಕೆ ಮನೆಯಲ್ಲಿ ರೊಟ್ಟಿ ಬಡಿಯುವಾಗ ಎಲ್ಲರ ಹೆಸರನ್ನೂ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಂಡೆ. ಒಂದು ಬಡಿತಕ್ಕೆ ಒಂದು ಹೆಸರು. ಅತ್ತೆ ಒಮ್ಮೆ, "ಏನವಾ, ಮಂತ್ರಾ ಹಾಕಿ ಮಾಡಿದ್ರ ರೊಟ್ಟಿ ಉಬ್ಬತಾವೇನು?" ಎಂದರು. ಮಾವನ ಹೆಸರು ಬರುವ ಕಡೆ ನಾನು ಸುಮ್ಮನೆ ಒಂದು ಏಟು ಜೋರಾಗಿ ಬಡಿದು ಮುಂದಕ್ಕೆ ಹೋಗುತ್ತಿದ್ದೆ.

ಮೊದಲ ದಿನ ಸುತ್ತಿನಲ್ಲಿ ಅವರ ಮುಂದೆ ಬಂದಾಗಲೂ ಹಾಗೆಯೇ ಆಯಿತು. ನಾನು ಅವರ ಬೂಟು ನೋಡುತ್ತ ನಿಂತೆ. ಅವರು ನನ್ನ ಹಿಂದಿನ ಮರಳಿನ ಗುಡ್ಡೆ ನೋಡುತ್ತಿದ್ದರು. ಪಕ್ಕದಲ್ಲಿ ಜೈಭೀಮ ಇದ್ದ. ನಮ್ಮ ಕಡೆಯವನೇ, ಮಾವನ ಜೊತೆ ಅಟ್ಟಣಿಗೆಯ ಮೇಲೆ ಕೆಲಸ ಮಾಡುವವನು, ಬಾಯಿ ಸುಮ್ಮನಿರದವನು. ಅವನೇ ಕೈ ಎತ್ತಿ, "ಕಾಕಾ ಹಾಜರ ಅದಾರ ವೈನಿ, ಕಾಕಾ ಗಟ್ಟಿ ಅದಾರ. ಹೆಸರು ನೀವು ಹೇಳಬ್ಯಾಡ್ರಿ, ಪಾಪ ಹತ್ತತದ" ಎಂದ. ಎಲ್ಲರೂ ನಕ್ಕರು, ಮಾವನೂ ಮೀಸೆಯಲ್ಲಿ ನಕ್ಕರು. ಅಂದಿನಿಂದ ಅದೇ ರೂಢಿಯಾಯಿತು. ನಾನು ಅವರ ಮುಂದೆ ಕ್ಷಣ ನಿಲ್ಲುವುದು, ಜೈಭೀಮ ಕಾಕಾ ಗಟ್ಟಿ ಎನ್ನುವುದು, ನಾನು ಮುಂದಿನ ಹೆಸರು ಕರೆಯುವುದು. ವಿಕ್ರಮ ಸರ್ ದೂರದಿಂದ ನೋಡುತ್ತಿದ್ದರು. ಕನ್ನಡ ಬಾರದ ಅವರಿಗೆ ಅದು ತಮಾಷೆ ಎಂದು ಕಂಡಿರಬೇಕು.

ಪದ್ಧತಿ ಕೆಲಸ ಮಾಡಿತು. ದೇವಾನಂದ ಎಂಬ ಬಡಿಗ, ಯಾರಿಗೂ ಏನೂ ಹೇಳದವನು, ಒಂದು ದಿನ ಹೆಸರು ಕರೆದಾಗ ಉತ್ತರ ಕೊಡಲು ತಡಮಾಡಿದ. ನಾನು ಕಾದೆ. ಮಗಳಿಗೆ ಜ್ವರ, ರಾತ್ರಿಯಿಡೀ ಕಣ್ಣು ಮುಚ್ಚಿಲ್ಲ ಎಂದ. ಅವನನ್ನು ಕೆಳಗೆ ಹಲಗೆ ಕೊಯ್ಯಲು ಹಾಕಿದೆವು. ಆಮೇಲೆ ಬೇರೆಯವರೂ ಹೇಳತೊಡಗಿದರು. ಒಬ್ಬ ಹಿಂದಿನ ದಿನ ಕುಡಿದದ್ದನ್ನೂ ಹೇಳಿದ. ನನ್ನ ದನಿಯೂ ಸ್ವಲ್ಪ ಸ್ವಲ್ಪ ಹೊರಗೆ ಬಂತು. ನಾನು ಸುಧಾರಿಸುತ್ತಿದ್ದೇನೆ ಎಂದು ನನಗೆ ಮೊದಲ ಸಲ ಅನಿಸಿದ್ದು ಆಗ. ಆ ಸುತ್ತಿನಲ್ಲಿ ಯಾರೂ ಪ್ರಶ್ನೆ ಕೇಳದೆ ಬಿಟ್ಟ ಮನುಷ್ಯ ಒಬ್ಬರೇ, ಅವರು ನನ್ನ ಮನೆಯವರೇ ಎಂಬುದು ಹೊಳೆದದ್ದು ಇನ್ನೂ ತಡವಾಗಿ.

ದೀಪಾವಳಿ ಕಳೆದ ಮೇಲೆ ಇರಬೇಕು. ಮಾವ ಯಾವಾಗಲೂ ನಿಂತೇ, ಒಂಟಿ ಕಾಲಿನ ಮೇಲೆ, ಬೂಟು ಹಾಕಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಬಾಗಿಲ ಚೌಕಟ್ಟು ಹಿಡಿದು ಹಾಕಿಕೊಂಡರು. ಕೆಲವು ದಿನ ಬಿಟ್ಟು ಹೊಸ್ತಿಲ ಮೇಲೆ ಕೂತು ಹಾಕಿಕೊಂಡರು. ಬಚ್ಚಲಿನಿಂದ ಬರುವಾಗ ಗೋಡೆಗೆ ಅಂಗೈ ಊರಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಗೋಡೆಯ ಸುಣ್ಣದ ಮೇಲೆ ಒದ್ದೆ ಕೈಯ ಗುರುತು ಉಳಿಯುತ್ತಿತ್ತು.

ಅತ್ತೆಗೆ ಹೇಳಿದೆ, ಮೈಗೆ ಏನಾಗಿದೆ ಕೇಳ್ರಿ ಎಂದು. ಅತ್ತೆ ಕೇಳಿದರು. "ಏನಿಲ್ಲ ಅಂತ ಹೇಳು ಅಕಿಗಿ" ಎಂದು ಉತ್ತರ ಬಂತು. ಅತ್ತೆಗೂ ಅದೇ ಬೇಕಿತ್ತು, ನಂಬಿದರು. ಧರ್ಮರಾಜರಿಗೆ ಫೋನು ಮಾಡಿದೆ. ಅಪ್ಪ ಅಟ್ಟಣಿಗೆ ಹತ್ತುವುದನ್ನು ನಿನಗಿಂತ ಮೊದಲಿನಿಂದ ಬಲ್ಲರು, ರವಿವಾರ ಬಂದಾಗ ಕೇಳುತ್ತೇನೆ ಎಂದರು. ರವಿವಾರ ಬಂದರು, ತಂದೆ ಮಗ ಕೂತು ಊರಿನ ಸುದ್ದಿ ಮಾತಾಡಿದರು, ಉಂಡರು, ಸಂಜೆ ಚಾಕಣಕ್ಕೆ ಹೋದರು. ಮಗನಿಗೂ ಕೇಳಲು ಬಾಯಿ ಬಂದಿರಲಿಲ್ಲ.

ವಿಕ್ರಮ ಸರ್‌ಗೆ ಹೇಳಬಹುದಿತ್ತು. ಹೇಳಿದರೆ ಅದು ಮುಚ್ಚಿಟ್ಟದ್ದಾಗುತ್ತಿತ್ತು, ಮಾವ ಗೇಟಿನ ಹೊರಗೆ. ಹೇಳದಿದ್ದರೆ ಅವರು ಅಟ್ಟಣಿಗೆಯ ಮೇಲೆ. ಉಳಿಯುವ ದಾರಿ ಒಂದೇ. ಎಲ್ಲರೆದುರು ಅವರೇ ಬಾಯಿಬಿಟ್ಟು ಹೇಳಬೇಕು. ಹೇಳಬೇಕಾದರೆ ಯಾರಾದರೂ ಕೇಳಬೇಕು, ಮತ್ತು ಕೇಳುವ ಕೆಲಸ ನನ್ನದು. ಆದರೂ ಕೆಲವು ಬೆಳಿಗ್ಗೆಗಳು ಹಾಗೇ ಕಳೆದವು. ರೊಟ್ಟಿ ಬಡಿಯುವಾಗ ಆ ಒಂದು ಏಟಿನ ಜಾಗದಲ್ಲಿ ಹೆಸರು ಹೇಳಿ ನೋಡಲು ತುಟಿ ತೆರೆಯುತ್ತಿದ್ದೆ. ಅತ್ತೆ ಪಕ್ಕದಲ್ಲೇ ಇರುತ್ತಿದ್ದರು.

ಆ ದಿನ ಕೆಲಸ ಪಶ್ಚಿಮದ ಗೋಡೆಯ ಮೇಲ್ಭಾಗಕ್ಕೆ ಬಂದಿತ್ತು. ಆ ಬದಿ ಗುಡ್ಡದ ಗಾಳಿ ಹೊಡೆಯುತ್ತದೆ. ಸುತ್ತು ನಿಂತಿತು. ನಾನು ಹೆಸರು ಕರೆಯುತ್ತ ಬರುವಾಗ ಮಾವ ಪಕ್ಕದ ನೀರಿನ ಡ್ರಮ್ಮಿನ ಅಂಚನ್ನು ಹಿಡಿದದ್ದು ಕಂಡಿತು. ಒರಗಿದಂತೆ ಕಾಣಲಿ ಎಂದು ಮೊಣಕೈಯನ್ನೂ ಊರಿದರು. ಬೆರಳುಗಳು ಮಾತ್ರ ಒರಗಿದವರ ಬೆರಳಿನಂತೆ ಇರಲಿಲ್ಲ.

ಅವರ ಮುಂದೆ ನಿಂತೆ. ಜೈಭೀಮ ಕೈ ಎತ್ತಿದ. "ಕಾಕಾ ಗಟ್ಟಿ..."

"ಜೈಭೀಮ, ನೀ ಸುಮ್ಮನಿರು" ಎಂದೆ.

ಆಮೇಲೆ ಕರೆದೆ. "ಅಂಬಾರಾಯ ಮೇಸ್ತ್ರಿ. ಮೈ ಹೆಂಗ ಅದರೀ?"

ರೂಢಿ ಮಾಡದ ಹೆಸರಾದ್ದರಿಂದ ದನಿ ಬೇಕಾದ್ದಕ್ಕಿಂತ ಗಟ್ಟಿಯಾಗಿ ಬಂತು. ಯಾರೂ ನಗಲಿಲ್ಲ. ಹಿಂದೆ ಯಾರೋ ಅಯ್ಯ ಎಂದದ್ದು ಕೇಳಿಸಿತು. ಕಣ್ಣು ನೋಡಬೇಕೆಂಬುದು ಪದ್ಧತಿ, ನೋಡಿದೆ. ಮದುವೆಯಾದಾಗಿನಿಂದ ಅವರ ಮುಖವನ್ನು ನಾನು ನೇರ ನೋಡಿದ್ದು ಅದೇ ಮೊದಲು. ನಾನು ಅಂದುಕೊಂಡದ್ದಕ್ಕಿಂತ ವಯಸ್ಸಾಗಿತ್ತು.

ಉತ್ತರಕ್ಕೆ ಕಾಯಬೇಕೆಂಬುದೂ ಪದ್ಧತಿ, ಕಾದೆ. ಈಗ ಗಟ್ಟಿ ಅದೀನಿ ಎಂದುಬಿಟ್ಟರೆ ನಾನು ಮುಂದಿನ ಹೆಸರು ಕರೆಯಬೇಕಾಗುತ್ತಿತ್ತು, ಅವರು ಏಣಿ ಹತ್ತುತ್ತಿದ್ದರು. ಬೇರೇನು ಮಾಡಬಹುದೆಂದು ತರಬೇತಿಯಲ್ಲಿ ಹೇಳಿರಲಿಲ್ಲ.

ಮಾವ ಜೈಭೀಮನ ಕಡೆ ಮುಖ ತಿರುಗಿಸಿದರು.

"ಜೈಭೀಮ, ಹೇಳು ಅಕಿಗಿ. ಭಾಳ ದಿನ ಆತು, ಕಣ್ಣಿಗಿ ಕತ್ತಲ ಬರ್ಲಾಕತ್ತದ ಅಂತ."

ನಾನು ಎರಡು ಮಾರು ದೂರದಲ್ಲಿದ್ದೆ. ಜೈಭೀಮ, ಎಲ್ಲದಕ್ಕೂ ನಗುವವನು, ನನ್ನ ಕಡೆ ತಿರುಗಿ, "ವೈನಿ, ಕಾಕಾಗ ಕಣ್ಣಿಗಿ ಕತ್ತಲ ಬರ್ಲಾಕತ್ತದಂತ್ರಿ" ಎಂದ.

"ಕೆಳಗ ಇರ್ಲಿಕ್ಕಿ ಹೇಳು. ಮರಳು ಸೋಸೋ ಜಾಳಗಿ ಹಂತ್ಯಾಕ ಕೆಲಸ ಅದ."

ಜೈಭೀಮ ಅದನ್ನೂ ಅವರಿಗೆ ಮುಟ್ಟಿಸಿದ. ಮಾವ ತಲೆಯಾಡಿಸಿ ಡ್ರಮ್ಮಿನ ಅಂಚು ಬಿಟ್ಟರು. ನಾನು ಮುಂದಿನ ಹೆಸರು ಕರೆದೆ.

ನಾನು ತಿಳಿಸಿದ ಮೇಲೆ, ಮಧ್ಯಾಹ್ನ ವಿಕ್ರಮ ಸರ್ ಮಾವನವರನ್ನು ದವಾಖಾನೆಗೆ ಕಳಿಸಿದರು. ರಕ್ತದೊತ್ತಡ ಬಹಳ ಏರಿತ್ತು. ಗುಳಿಗೆ ಕೊಟ್ಟರು, ಎತ್ತರಕ್ಕೆ ಹತ್ತಬಾರದು ಎಂದರು. ತಾವೇ ಹೇಳಿದವರಾದ್ದರಿಂದ ಗೇಟಿನ ಮಾತು ಬರಲಿಲ್ಲ.

ಮನೆಗೆ ಸುದ್ದಿ ನನಗಿಂತ ಮೊದಲು ಮುಟ್ಟಿತ್ತು. ಗುಳಿಗೆಯ ವಿಷಯವಲ್ಲ, ಹೆಸರಿನ ವಿಷಯ. ಅತ್ತೆ ಪಾತ್ರೆ ತಿಕ್ಕುತ್ತಲೇ, "ನಾಳಿಗಿ ನನ್ನೂ ಕರಿಯವಾ. ಏ ಹುಲಿಗೆವ್ವಾ, ಬಾ ಇಲ್ಲಿ, ಮೈ ಹೆಂಗ ಅದ ಅಂತ ಕೇಳು. ಓದಿದಾಕಿ ಇದ್ದಿ" ಎಂದರು. ಅವರ ಸಿಟ್ಟಿನಲ್ಲಿ ಅರ್ಧ ಹೆದರಿಕೆ ಇತ್ತು, ಅದು ಕಾಣುತ್ತಿತ್ತು. ರಾತ್ರಿ ಅವರೇ ಗುಳಿಗೆಯ ಚೀಟಿಯನ್ನು ನನ್ನ ಮುಂದೆ ಹಿಡಿದು, ಯಾವುದು ಊಟಕ್ಕೆ ಮೊದಲು, ಯಾವುದು ಆಮೇಲೆ ಎಂದು ಕೇಳಿದರು. ಧರ್ಮರಾಜರು ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡು, ಛಲೋ ಆತು ಎಂದರು. ಎಲ್ಲರ ಮುಂದೆ ಕರೀಬೇಕಿತ್ತೇನು ಎಂದೂ ಕೇಳಿದರು. ಎರಡಕ್ಕೂ ಹೌದು ಎಂದೆ.

ಈಗ ಮಾವ ಕೆಳಗೇ ಕೆಲಸ ಮಾಡುತ್ತಾರೆ. ಮರಳು ಸೋಸುವುದು, ಸಿಮೆಂಟಿನ ಮಾಲು ಕಲಸುವವರನ್ನು ನೋಡಿಕೊಳ್ಳುವುದು. ಮೊದಲು ಅದನ್ನು ಹೆಣ್ಣಮಕ್ಕಳ ಕೆಲಸ ಎನ್ನುತ್ತಿದ್ದವರು. ನಾನು ದಿನಾ ಬೆಳಿಗ್ಗೆ ಅವರ ಹೆಸರು ಕರೆಯುತ್ತೇನೆ, ಬೇರೆಯವರ ಹೆಸರಿನಷ್ಟೇ ದನಿಯಲ್ಲಿ. "ಹೇಳು ಅಕಿಗಿ, ಆರಾಮ ಅದೀನಿ ಅಂತ" ಎಂದು ಅವರು ಜೈಭೀಮನಿಗೆ ಹೇಳುತ್ತಾರೆ. ಗುಳಿಗೆ ತಪ್ಪಿದ ದಿನ ಅದನ್ನೂ ಹೇಳಿಸುತ್ತಾರೆ. ಸಂಜೆ ಮನೆಗೆ ಹೊರಡುವ ಮುಂಚೆ ಪಶ್ಚಿಮದ ಗೋಡೆಯ ಕೆಳಗೆ ನಿಂತು ಮೇಲೆ ನೋಡುತ್ತಾರೆ. ಆ ಗೋಡೆಯನ್ನು ಜೈಭೀಮ ಮತ್ತು ಇನ್ನೊಬ್ಬ ಮುಗಿಸಿದರು.

ಮನೆಯಲ್ಲಿ ಒಂದು ಬದಲಾಗಿದೆ. ಚಹಾ ಬೇಕೇನು ಎಂದು ಅತ್ತೆಯ ಮೂಲಕ ಕೇಳಿದರೆ ಈಗ ಬಾಗಿಲ ಬಳಿಯಿಂದ ಉತ್ತರ ಬರುವುದಿಲ್ಲ. ಅವರೇ ಎದ್ದು ಒಳಗೆ ಬಂದು, ಕಪ್ಪು ತೆಗೆದು, ಬೇಕಾದಷ್ಟು ಬಗ್ಗಿಸಿಕೊಂಡು ಹೋಗುತ್ತಾರೆ. ನನ್ನ ಮೇಲಿನ ಸಿಟ್ಟಿಗೆ ಹಾಗೆ ಮಾಡುತ್ತಾರೋ, ಹೆಸರು ಹಿಡಿದು ಕರೆಯುವವಳ ಕೈಯಿಂದ ಚಹಾ ತರಿಸಿಕೊಳ್ಳುವುದು ಸರಿಯಲ್ಲ ಎಂದೋ, ತಿಳಿದಿಲ್ಲ. ಅಂದು ಕರೆಯದಿದ್ದರೆ ಅವರು ಬೀಳುತ್ತಿದ್ದರೋ, ಸುಮ್ಮನೆ ಇಳಿದು ಮನೆಗೆ ಬರುತ್ತಿದ್ದರೋ, ಅದೂ ತಿಳಿದಿಲ್ಲ. ಅಷ್ಟು ದಿನ ಅವರು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದರೇ ಎಂಬುದನ್ನು ಅವರನ್ನೇ ಕೇಳಬೇಕು. ಅತ್ತೆಯ ಮೂಲಕ ಕೇಳುವ ಮಾತಲ್ಲ ಅದು, ನೇರ ಕೇಳುವ ಧೈರ್ಯ ಮನೆಯಲ್ಲಿ ನನಗಿಲ್ಲ. ಹಾಗಾಗಿ ನನಗೆ ಗೊತ್ತಿಲ್ಲ.